ಉಪ್ಪಿಗೆ ಹಾಕಿದ ಬೇಲಿ

ರಾಯ್ ಮಾಕ್ಸ್‌ಹ್ಯಾಮ್ ಇತಿಹಾಸದ ಪ್ರಾಧ್ಯಾಪಕರಲ್ಲ. ಹರೆಯದಲ್ಲಿ ಆಫ್ರಿಕಾದ ನ್ಯಾಸಾಲ್ಯಾಂಡಿಗೆ, ಅಂದರೆ ಇಂದಿನ ಮಲಾವಿಗೆ, ಹೋಗಿ ಚಹಾ ತೋಟ ನೋಡಿಕೊಂಡವರು. ಲಂಡನ್ನಿಗೆ ಮರಳಿ ಆಫ್ರಿಕಾದ ಕಲಾವಸ್ತುಗಳ ಅಂಗಡಿ ಇಟ್ಟವರು. ಆಮೇಲೆ ಹಳೆಯ ಪುಸ್ತಕ, ಕಾಗದಪತ್ರಗಳ ದುರಸ್ತಿ ಕಲಿತು ಲಂಡನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. ಹರಿದ ಹಾಳೆಗೆ ತೇಪೆ ಹಾಕುವುದು, ಕಳಚಿದ ರಟ್ಟನ್ನು ಮತ್ತೆ ಕೂರಿಸುವುದು ಅವರ ಹೊಟ್ಟೆಪಾಡು. 1995ರಲ್ಲಿ ಅವರು ಚೇರಿಂಗ್ ಕ್ರಾಸ್ ರಸ್ತೆಯ ಹಳೆಪುಸ್ತಕದಂಗಡಿಯೊಂದರಲ್ಲಿ ಒಂದು ಪುಸ್ತಕ ಕೊಂಡರು. ಠಕ್ಕರನ್ನು ಅಡಗಿಸಿ ಹೆಸರು ಮಾಡಿದ್ದ ವಿಲಿಯಂ ಸ್ಲೀಮನ್ ತನ್ನ ಭಾರತದ ಓಡಾಟಗಳ ಬಗ್ಗೆ ಬರೆದು 1844ರಲ್ಲಿ ಪ್ರಕಟಿಸಿದ ನೆನಪುಗಳ ಪುಸ್ತಕ ಅದು. ನಂತರದ ಮುದ್ರಣಕ್ಕೆ ಸಂಪಾದಕ ವಿನ್ಸೆಂಟ್ ಸ್ಮಿತ್ ಅಲ್ಲಲ್ಲಿ ಅಡಿಟಿಪ್ಪಣಿ ಸೇರಿಸಿದ್ದ. ಅವುಗಳಲ್ಲೊಂದು ಮಾಕ್ಸ್‌ಹ್ಯಾಮರ ಮುಂದಿನ ಮೂರು ವರ್ಷಗಳನ್ನು ನುಂಗಿಹಾಕಿತು.

ಸಿಂಧೂ ನದಿಯಿಂದ ಮಹಾನದಿಯವರೆಗೆ 2,300 ಮೈಲಿ ಉದ್ದದ ಸುಂಕದ ಗಡಿಯೊಂದಿತ್ತು, ಅದನ್ನು 12,000ದಷ್ಟು ಜನ ಹಗಲಿರುಳು ಕಾಯುತ್ತಿದ್ದರು, ಗಡಿಯ ಬಹುಭಾಗ ನುಸುಳಲಾಗದ ಮುಳ್ಳಿನ ಬೇಲಿಯಾಗಿತ್ತು ಎಂಬುದು ಆ ಟಿಪ್ಪಣಿಯ ಸಾರ. ಮಾತು ಸಂಪಾದಕನದ್ದಲ್ಲ. ವೈಸರಾಯ್ ಲಿಟ್ಟನ್‌ನ ಕಾಲದಲ್ಲಿ ಹಣಕಾಸು ಖಾತೆ ನೋಡಿಕೊಂಡಿದ್ದ ಸರ್ ಜಾನ್ ಸ್ಟ್ರೇಚಿ ತನ್ನ ಅಣ್ಣ ರಿಚರ್ಡ್ ಜೊತೆ ಸೇರಿ 1882ರಲ್ಲಿ ಬರೆದದ್ದು. ಯುರೋಪಿನಲ್ಲಿ ಹಾಕಿದ್ದರೆ ಈ ಗಡಿ ಹೆಚ್ಚುಕಡಿಮೆ ಮಾಸ್ಕೋದಿಂದ ಜಿಬ್ರಾಲ್ಟರ್ ಮುಟ್ಟುತ್ತಿತ್ತು. ಮುಂದೆ ಮದ್ರಾಸಿನ ಗವರ್ನರ್ ಆದ ಗ್ರಾಂಟ್ ಡಫ್ ಅದನ್ನು ಕಣ್ಣಾರೆ ಕಂಡು, ಚೀನಾದ ಮಹಾಗೋಡೆ ಬಿಟ್ಟರೆ ಇದಕ್ಕೆ ಸಾಟಿ ಇನ್ನೊಂದಿಲ್ಲ ಎಂದಿದ್ದ.

ಅಷ್ಟು ದೊಡ್ಡ ಬೇಲಿಯ ಸುದ್ದಿ ಬೇರೆಲ್ಲೂ ಇರಲಿಲ್ಲ. ಮಾಕ್ಸ್‌ಹ್ಯಾಮ್ ತಿರುವಿದ ಹೆಸರಾಂತ ಇತಿಹಾಸ ಗ್ರಂಥಗಳು ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ವಿಚಾರಿಸಿದ ಜನರೂ ಕೇಳಿದವರಲ್ಲ. ಮೊದಮೊದಲು ಅವರಿಗೆ ಇದೊಂದು ಮೋಜಿನ ಸಂಗತಿಯಾಗಿ ಕಂಡಿತು. ಬಿಳಿಯ ಅಧಿಕಾರಿಗಳ ಒಂದು ವಿಕ್ಷಿಪ್ತ ಹುಚ್ಚು, ರಜೆಯಲ್ಲಿ ಭಾರತಕ್ಕೆ ಹೋಗಿ ಅದರ ಗುರುತು ಹುಡುಕಿದರಾಯಿತು ಎಂದುಕೊಂಡರು. ಇಂಡಿಯಾ ಆಫೀಸಿನ ಕಡತಗಳಲ್ಲಿ ಆಂತರಿಕ ಸುಂಕ ಇಲಾಖೆಯ ವಾರ್ಷಿಕ ವರದಿಗಳನ್ನು ಓದುತ್ತ ಹೋದಂತೆ ಆ ಮೋಜು ಕರಗಿತು. ಬೇಲಿ ಹುಚ್ಚಿನ ಕೆಲಸವಾಗಿರಲಿಲ್ಲ. ಪೈಸೆ ಪೈಸೆ ಲೆಕ್ಕ ಹಾಕಿ ಬೆಳೆಸಿದ್ದಾಗಿತ್ತು.

ಲೆಕ್ಕ ಉಪ್ಪಿನದು.

ಪ್ಲಾಸಿ ಕದನದ ನಂತರ ಬಂಗಾಳ ಕೈವಶವಾದಾಗ ಈಸ್ಟ್ ಇಂಡಿಯಾ ಕಂಪನಿಯ ಕಣ್ಣು ಮೊದಲು ಬಿದ್ದ ಸರಕುಗಳಲ್ಲಿ ಉಪ್ಪೂ ಒಂದು. 1765ರಲ್ಲಿ ರಾಬರ್ಟ್ ಕ್ಲೈವ್ ಕಂಪನಿಯ ಹಿರಿಯ ನೌಕರರ ಒಂದು ವ್ಯಾಪಾರಿ ಕೂಟ ಕಟ್ಟಿ ಉಪ್ಪು, ಅಡಿಕೆ, ಹೊಗೆಸೊಪ್ಪಿನ ಏಕಸ್ವಾಮ್ಯವನ್ನು ಅದಕ್ಕೆ ಒಪ್ಪಿಸಿದ. ಲಂಡನ್ನಿನ ನಿರ್ದೇಶಕರು ಗದರಿದ ಮೇಲೆ ಅದು ಮುಚ್ಚಿತು. ಆದರೆ ರುಚಿ ಹತ್ತಿಯಾಗಿತ್ತು. ವಾರನ್ ಹೇಸ್ಟಿಂಗ್ಸ್ ಉಪ್ಪಿನ ತಯಾರಿಕೆಯನ್ನೇ ಕಂಪನಿಯ ಹಿಡಿತಕ್ಕೆ ತಂದ. ಸಮುದ್ರ ತೀರದ ಕಾಡುಗಳಲ್ಲಿ ಉಪ್ಪುನೀರು ಕುದಿಸುತ್ತಿದ್ದ ಮಲಂಗಿಗಳು ತಾವು ತೆಗೆದದ್ದನ್ನೆಲ್ಲ ಕಂಪನಿ ಹೇಳಿದ ಬೆಲೆಗೆ ಅದಕ್ಕೇ ಕೊಡಬೇಕು. ಕಂಪನಿ ಅದನ್ನು ತನ್ನ ಬೆಲೆಗೆ ಮಾರುತ್ತದೆ. 18ನೇ ಶತಮಾನ ಮುಗಿಯುವ ಹೊತ್ತಿಗೆ ಬಂಗಾಳದಲ್ಲಿ ಮಣ ಉಪ್ಪಿನ ಮೇಲಿನ ತೆರಿಗೆ ಮೂರೂಕಾಲು ರೂಪಾಯಿಯಷ್ಟಾಗಿತ್ತು. ಮಣವೆಂದರೆ ಸುಮಾರು 37 ಕಿಲೋ. ಹೊಲದ ಕೂಲಿಯವನ ತಿಂಗಳ ದುಡಿಮೆ ಮೂರು ರೂಪಾಯಿ ಆಸುಪಾಸಿನಲ್ಲಿದ್ದ ನಾಡಿನಲ್ಲಿ ಈ ದರ ನೂರು ವರ್ಷ ಹೆಚ್ಚುಕಡಿಮೆ ಹಾಗೇ ನಿಂತಿತು. ಕೊನೆಗೆ ಮಲಂಗಿಗಳ ಒಲೆಗಳೂ ಆರಿದವು. ಇಂಗ್ಲೆಂಡಿನ ಚೆಷೈರ್‌ನ ಉಪ್ಪು ಲಿವರ್‌ಪೂಲ್ ಬಂದರಿನಿಂದ ಹಡಗೇರಿ ಕಲ್ಕತ್ತೆಗೆ ಬರತೊಡಗಿತು.

ಭೂಕಂದಾಯ ಭೂಮಿ ಇದ್ದವನಿಗೆ ಬಿತ್ತು. ಉಪ್ಪಿನ ಸುಂಕ ಹಾಗಲ್ಲ. ಶ್ರೀಮಂತನೂ ಬಡವನೂ ತಿನ್ನುವುದು ಹೆಚ್ಚುಕಡಿಮೆ ಒಂದೇ ಅಳತೆ. ನಿಜ ಹೇಳಬೇಕೆಂದರೆ ಬಿಸಿಲಲ್ಲಿ ಬೆವರು ಸುರಿಸುವವನಿಗೇ ಒಂದು ಹಿಡಿ ಹೆಚ್ಚು ಬೇಕು. ದನಕರುಗಳಿಗೂ ಬೇಕು. ಉಪ್ಪು ಸಾಲದೆ ಹೋದರೆ ದೇಹಕ್ಕೆ ಏನಾಗುತ್ತದೆ ಎಂಬುದಕ್ಕೆ ಮಾಕ್ಸ್‌ಹ್ಯಾಮ್ ತಮ್ಮ ಪುಸ್ತಕದಲ್ಲಿ ಸಾಕಷ್ಟು ಜಾಗ ಕೊಟ್ಟಿದ್ದಾರೆ. ಸೈನ್ಯ, ಕಾಳಗಗಳ ಇತಿಹಾಸದಲ್ಲಿ ಉಪ್ಪಿನ ಕೊರತೆಯಿಂದಾಗುವ ಸಾವುಗಳು ಲೆಕ್ಕಕ್ಕೆ ಬರುವುದಿಲ್ಲ.

ತೆರಿಗೆ ಇಷ್ಟಿದ್ದ ಮೇಲೆ ಅಗ್ಗದ ಉಪ್ಪು ಒಳನುಗ್ಗದೆ ಇರುತ್ತದೆಯೇ? ರಾಜಪುತಾನಾದ ಸಾಂಭಾರ್ ಸರೋವರ ಬೇಸಿಗೆಯಲ್ಲಿ ಬತ್ತಿದರೆ ಉಪ್ಪು ತಾನಾಗಿ ಹೆಪ್ಪುಗಟ್ಟುತ್ತದೆ. ಅದು ಜೈಪುರ, ಜೋಧಪುರ ಸಂಸ್ಥಾನಗಳ ಸೊತ್ತು. ಕಂಪನಿಯ ಏಕಸ್ವಾಮ್ಯ ಅಲ್ಲಿ ನಡೆಯುವುದಿಲ್ಲ. ಬೊಂಬಾಯಿ, ಮದ್ರಾಸ್ ಪ್ರಾಂತಗಳಲ್ಲೂ ಉಪ್ಪಿನ ಕರ ಬಂಗಾಳಕ್ಕಿಂತ ಎಷ್ಟೋ ಕಡಿಮೆ. ಮೊದಲು ರಸ್ತೆಗಳಲ್ಲಿ, ನದಿ ದಾಟುವ ಕಡೆಗಳಲ್ಲಿ ಸುಂಕದ ಕಟ್ಟೆಗಳು ಎದ್ದವು. ಕಳ್ಳಸಾಗಣೆದಾರರಿಗೆ ರಸ್ತೆಯೇ ಬೇಕೆಂದಿರಲಿಲ್ಲ. ಆಗ ಕಟ್ಟೆಗಳನ್ನು ಪೋಣಿಸಿ ಗಡಿ ಮಾಡಿದರು. 1834ರಿಂದ ಇಪ್ಪತ್ತು ವರ್ಷ ಸುಂಕದ ಕಮಿಷನರ್ ಆಗಿದ್ದ ಜಿ. ಎಚ್. ಸ್ಮಿತ್ ಸಣ್ಣಪುಟ್ಟ ಸರಕುಗಳ ಸುಂಕ ಬಿಟ್ಟು ಉಪ್ಪಿನ ಮೇಲೆ ದೃಷ್ಟಿ ನೆಟ್ಟ, ಗಡಿಯನ್ನು ಉದ್ದಕ್ಕೆ ಬೆಳೆಸಿದ. ಅವನ ಕಾಲದಲ್ಲೇ ಎಲ್ಲೆಲ್ಲಿಂದಲೋ ಮುಳ್ಳುಕಂಟಿ ಕಡಿದು ತಂದು ಗಡಿಯುದ್ದಕ್ಕೆ ಒಟ್ಟುವ ಒಣಬೇಲಿ ಶುರುವಾಯಿತು.

ಒಣಬೇಲಿಯ ಕಷ್ಟ ಹೊಲ ಕಾಯುವ ಯಾವ ರೈತನಿಗಾದರೂ ಗೊತ್ತು. ಗೆದ್ದಲು ತಿನ್ನುತ್ತದೆ, ಮಳೆಗೆ ಕೊಳೆಯುತ್ತದೆ, ಬಿರುಗಾಳಿಗೆ ಹಾರುತ್ತದೆ, ಒಂದು ಕಿಡಿ ಬಿದ್ದರೆ ಬೂದಿ. ಮೈಲಿಯೊಂದಕ್ಕೆ 250 ಟನ್ ಕಂಟಿ ಬೇಕಿತ್ತು, ಅರ್ಧಭಾಗವನ್ನು ಪ್ರತಿವರ್ಷ ಬದಲಿಸಬೇಕಿತ್ತು. 1867ರಲ್ಲಿ ಇಲಾಖೆಗೆ ಬಂದ ಹೊಸ ಕಮಿಷನರ್ ಈ ಲೆಕ್ಕ ಕಂಡು, ಕಡಿದು ಒಟ್ಟುವ ಬದಲು ನೆಟ್ಟು ಬೆಳೆಸೋಣ ಎಂದ. ಅವನ ಹೆಸರು ಅಲನ್ ಆಕ್ಟೇವಿಯನ್ ಹ್ಯೂಮ್. ಹೌದು, 1885ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪನೆಗೆ ಓಡಾಡಿದ ಅದೇ ಹ್ಯೂಮ್. ಶಾಲೆಯ ಪುಸ್ತಕದಲ್ಲಿ ಆತನ ಹೆಸರಿನ ಮುಂದೆ ಕಾಂಗ್ರೆಸ್ ಎಂಬ ಒಂದೇ ಪದ ಇರುತ್ತದೆ. ಬೇಲಿಯ ಮಾತು ಯಾವ ಮೇಷ್ಟರೂ ಹೇಳಿಕೊಟ್ಟಿಲ್ಲ.

ಹ್ಯೂಮ್ ಹಕ್ಕಿಗಳ ಹಿಂದೆ ಬಿದ್ದ ಮನುಷ್ಯ. ಭಾರತದ ಪಕ್ಷಿಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬ. ಗಡಿಯುದ್ದಕ್ಕೂ ತಪಾಸಣೆಗೆ ಹೋದಾಗಲೂ ಹಕ್ಕಿಗಳ ಸಂಗ್ರಹ ಬಿಟ್ಟವನಲ್ಲ. ಮಣ್ಣು, ಮಳೆ, ಗಿಡದ ಗುಣ ಬಲ್ಲ ಆ ಕಣ್ಣು ಬೇಲಿಗೂ ಒದಗಿತು. ಎಲ್ಲ ಕಡೆ ಒಂದೇ ಗಿಡ ಬೆಳೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆಯಾ ಮಣ್ಣಿಗೆ ಒಗ್ಗುವ ಮುಳ್ಳು ಆರಿಸಿದರು: ಜಾಲಿ, ಬೋರೆ, ಕರಂಡೆ, ಪಾಪಾಸುಕಳ್ಳಿ, ಹಾಲುಗಳ್ಳಿ. ಇವುಗಳ ಸಂದು ಮುಚ್ಚಲು ಮೇಲೆ ಹಬ್ಬಿಸಿದ್ದು ಗಜ್ಜುಗದ ಬಳ್ಳಿ. ಗೋಲಿಯಂಥ ಬೂದುಬಣ್ಣದ ಕಾಯಿಗಾಗಿ ಅದರ ಪೊದೆಗೆ ಕೈ ಹಾಕಿ ಗೀರಿಸಿಕೊಂಡ ಹಳ್ಳಿಯ ಮಕ್ಕಳಿಗೆ ಆ ಬಳ್ಳಿಯ ಕೊಕ್ಕೆಮುಳ್ಳಿನ ಪರಿಚಯ ಚೆನ್ನಾಗಿರುತ್ತದೆ. ಅಂಗಿ ಸಿಕ್ಕರೆ ಅಂಗಿ, ಚರ್ಮ ಸಿಕ್ಕರೆ ಚರ್ಮ, ಯಾವುದನ್ನೂ ಬಿಡುವುದಿಲ್ಲ. ಚೆನ್ನಾಗಿ ಬೆಳೆದು ಕತ್ತರಿಸಿ ನಿಲ್ಲಿಸಿದ ಬೇಲಿ 10ರಿಂದ 14 ಅಡಿ ಎತ್ತರ, 6ರಿಂದ 12 ಅಡಿ ದಪ್ಪ ಇರುತ್ತಿತ್ತು ಎಂದು ಹ್ಯೂಮ್‌ನ ವರದಿ ಹೇಳುತ್ತದೆ. ನೆಲ ತಗ್ಗಾಗಿ ನೀರು ನಿಲ್ಲುವ ಕಡೆ ಏರಿ ಹಾಕಿ ಮೇಲೆ ನೆಟ್ಟರು. ಮಣ್ಣು ಚೌಳಾಗಿದ್ದ ಕಡೆ ಬೇರೆ ಮಣ್ಣು ತಂದು ತುಂಬಿದರು. ನೀರಿಗೆ ಬಾವಿ ತೋಡಿದರು. ಏನೂ ಬೆಳೆಯದ ಬಂಡೆಗಲ್ಲಿನ ಜಾಗದಲ್ಲಿ ಕಲ್ಲಿನ ಗೋಡೆ ಎಬ್ಬಿಸಿದರು. ಪಕ್ಕದಲ್ಲೇ ಗಸ್ತು ತಿರುಗಲು ರಸ್ತೆ. ಇಷ್ಟು ಮುತುವರ್ಜಿಯಿಂದ ಬ್ರಿಟಿಷ್ ಸರ್ಕಾರ ಈ ದೇಶದಲ್ಲಿ ಗಿಡ ನೆಟ್ಟು ಸಾಕಿದ ಉದಾಹರಣೆ ವಿರಳ.

2,300 ಮೈಲಿಯೂ ಹಸಿರು ಗೋಡೆಯಾಗಿತ್ತು ಎಂದು ಭಾವಿಸಬೇಕಿಲ್ಲ. ಬೇಲಿ ಉತ್ತುಂಗಕ್ಕೇರಿದ 1870ರ ದಶಕದ ಕೊನೆಯಲ್ಲೂ ಪೂರ್ತಿ ಕಸುವಿನ ಹಸಿಬೇಲಿ ಇದ್ದದ್ದು 400 ಮೈಲಿ ಚಿಲ್ಲರೆ. ಉಳಿದದ್ದು ಅರೆ ಹಸಿ, ಒಣಕಂಟಿ, ಗೋಡೆ, ಕೆಲವೆಡೆ ಬರೀ ಕಾವಲು. ಮಿಡತೆಗಳ ಹಿಂಡು ಬಂದು ಎಲೆ ಬೋಳಿಸುತ್ತಿತ್ತು, ಬದನಿಕೆ ಹಬ್ಬಿ ಗಿಡ ಒಣಗುತ್ತಿತ್ತು.

ಕಾಯುವವರ ಕಥೆ ಬೇರೆ. 1872ರ ಹೊತ್ತಿಗೆ ಇಲಾಖೆಯಲ್ಲಿ 14,000 ಜನ ಇದ್ದರು. ಪೇದೆಯ ಸಂಬಳ ತಿಂಗಳಿಗೆ ಐದು ರೂಪಾಯಿ, ಕೂಲಿಗಿಂತ ಮೇಲು. ಊರುಮನೆ ಬಿಟ್ಟು ಚೌಕಿಯಲ್ಲಿ ಬಿದ್ದಿರಬೇಕು, ರಾತ್ರಿಯೆಲ್ಲ ತನ್ನ ಪಾಲಿನ ಬೇಲಿ ತಿರುಗಬೇಕು. ಲಂಚ ತಾನಾಗಿ ಹುಟ್ಟಿತು. ಅತ್ತ ಕಳ್ಳಸಾಗಣೆದಾರರು ಒಂಟೆಗಳ ಹಿಂಡು ತಂದು ಬೇಲಿಯ ದುರ್ಬಲ ಜಾಗದಲ್ಲಿ ನುಗ್ಗಿಸುತ್ತಿದ್ದರು, ಇಲ್ಲವೇ ಉಪ್ಪಿನ ಚೀಲಗಳನ್ನು ಬೇಲಿಯ ಮೇಲಿಂದ ಎಸೆದು ಆಚೆ ನಿಂತವರಿಗೆ ದಾಟಿಸುತ್ತಿದ್ದರು. 1877ರಲ್ಲಿ ನೂರಕ್ಕೂ ಮಿಕ್ಕಿ ಜನರ ಗುಂಪೊಂದನ್ನು ತಡೆಯಲು ಹೋದ ಇಬ್ಬರು ಪೇದೆಗಳು ಹೆಣವಾದರು. 1877-78ರ ಒಂದೇ ವರ್ಷ ಆರು ಸಾವಿರದಷ್ಟು ಜನ ಉಪ್ಪು ಸಾಗಿಸಿದ ತಪ್ಪಿಗೆ ಶಿಕ್ಷೆಗೊಳಗಾದರು. ಬೇಲಿ ಬಲಿಯುತ್ತ ಹೋದಂತೆ ಕೈದಿಗಳೂ ಹೆಚ್ಚುತ್ತ ಹೋದದ್ದನ್ನು ಇಲಾಖೆ ತನ್ನ ಯಶಸ್ಸೆಂದೇ ಬರೆದುಕೊಂಡಿರಬೇಕು. ಹಣದ ಲೆಕ್ಕದಲ್ಲಂತೂ ಅದು ಸುಳ್ಳಲ್ಲ. 1869-70ರಲ್ಲಿ ಗಡಿಯಿಂದ ಬಂದ ಉಪ್ಪಿನ ಸುಂಕ ಸುಮಾರು ಒಂದೂಕಾಲು ಕೋಟಿ ರೂಪಾಯಿ, ಗಡಿ ಕಾಯುವ ಖರ್ಚು 16 ಲಕ್ಷದ ಸುಮಾರು.

ಈ ವಿವರಗಳನ್ನೆಲ್ಲ ಕಡತಗಳಿಂದ ತೆಗೆದ ಮಾಕ್ಸ್‌ಹ್ಯಾಮ್‌ಗೆ ಬೇಲಿ ಮಾತ್ರ ಸುಲಭಕ್ಕೆ ಸಿಗಲಿಲ್ಲ. 1996ರಿಂದ ಅವರು ಉತ್ತರ ಭಾರತಕ್ಕೆ ಬರತೊಡಗಿದರು. ಚಂಬಲ್ ಕಣಿವೆ ಅವರಿಗೆ ಪೂರ್ತಿ ಅಪರಿಚಿತವಲ್ಲ. 1992ರಲ್ಲಿ ಜೈಲಿನಲ್ಲಿದ್ದ ಫೂಲನ್ ದೇವಿಗೆ ಪತ್ರ ಬರೆದು ಸ್ನೇಹ ಬೆಳೆಸಿದ್ದ ಮನುಷ್ಯ ಇವರು. ಆ ಸ್ನೇಹದ ಬಗ್ಗೆ ಮುಂದೆ ಬೇರೆಯೇ ಪುಸ್ತಕ ಬರೆದರು. ಬೇಲಿಯ ದಾರಿ ತೋರುವ ವಿವರವಾದ ನಕ್ಷೆಗಳನ್ನು ಲಂಡನ್ನಿನಲ್ಲಿ ಹುಡುಕಿ, ಅಕ್ಷಾಂಶ ರೇಖಾಂಶ ಗುರುತು ಹಾಕಿಕೊಂಡು, ಕೈಯಲ್ಲಿ ಜಿಪಿಎಸ್ ಯಂತ್ರ ಹಿಡಿದು ಬಂದರೂ ನಕ್ಷೆಯ ಗೆರೆ ಇದ್ದಲ್ಲಿ ಸಿಕ್ಕಿದ್ದು ಉಳುಮೆಯಾದ ಹೊಲ, ಇಲ್ಲವೇ ಟಾರು ರಸ್ತೆ. ಅದರಲ್ಲಿ ಆಶ್ಚರ್ಯವೇನಿಲ್ಲ. ಗಡಿ ರದ್ದಾದ ಮೇಲೆ ಎತ್ತರದ ಏರಿ, ಪಕ್ಕದ ಗಸ್ತುರಸ್ತೆ ಎರಡೂ ಹೊಸ ರಸ್ತೆ ಮಾಡಲು ಸಿದ್ಧವಾಗಿದ್ದ ನೆಲ. ಮುಳ್ಳು ಒಲೆ ಸೇರಿತು, ಪಕ್ಕದ ರೈತ ನೇಗಿಲನ್ನು ಒಂದೊಂದೇ ಮೊಳ ಒತ್ತರಿಸಿದ.

ಸುಂಕದ ಗಡಿ ಎಂದು ಕೇಳಿದರೆ ಊರವರಿಗೆ ಗೊತ್ತಾಗುತ್ತಿರಲಿಲ್ಲ. ಪರ್ಮಟ್ ಲೈನ್ ಎಂದಾಗ ಕೆಲವು ಹಿರಿಯರು ತಲೆ ಆಡಿಸಿದರು. 1998ರಲ್ಲಿ ಉತ್ತರಪ್ರದೇಶದ ಇಟಾವಾ ಜಿಲ್ಲೆಯಲ್ಲಿ, ಚಂಬಲ್‌ನ ಹತ್ತಿರ, ಪಾಲೀಘರ್ ಎಂಬಲ್ಲಿ ಕೊನೆಗೂ ಅದರ ತುಂಡೊಂದು ಕಣ್ಣಿಗೆ ಬಿತ್ತು: ಹೊಲಗಳ ನಡುವೆ ಎತ್ತರಕ್ಕೆ ಸಾಗಿದ ಅಗಲವಾದ ಮಣ್ಣಿನ ಏರಿ, ಅದರ ಮೇಲೆ ಮುಳ್ಳುಗಿಡಗಳು. ಕಮಿಷನರ್ ಆಗುವ ಮುಂಚೆ ಹ್ಯೂಮ್ ವರ್ಷಗಟ್ಟಲೆ ಕಲೆಕ್ಟರ್ ಆಗಿದ್ದದ್ದು ಇದೇ ಇಟಾವಾದಲ್ಲಿ. 2001ರಲ್ಲಿ ಮಾಕ್ಸ್‌ಹ್ಯಾಮರ ಪುಸ್ತಕ ಪ್ರಕಟವಾಯಿತು. ಮೋಜಿನ ವಸ್ತುವೊಂದನ್ನು ಹುಡುಕಲು ಹೊರಟವನಿಗೆ ದಬ್ಬಾಳಿಕೆಯ ಯಂತ್ರವೊಂದು ಎದುರಾಯಿತು ಎಂಬುದನ್ನು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಬೇಲಿಯ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಅದು ಹೇಗೆ ಹೋಯಿತು ಎಂಬ ಭಾಗ ಕನ್ನಡ ನಾಡಿಗೆ ಸೇರಿದ್ದು.

ಬೇಲಿ ಖರ್ಚಿನ ಬಾಬತ್ತು, ವ್ಯಾಪಾರಕ್ಕೆ ಅಡ್ಡಿ ಎಂಬ ಅರಿವು ಸರ್ಕಾರಕ್ಕೆ ಬಂದದ್ದು ಲಾರ್ಡ್ ಮೇಯೋನ ಕಾಲದಲ್ಲಿ. ಉಪ್ಪು ಹುಟ್ಟುವ ಜಾಗವನ್ನೇ ಹಿಡಿದುಬಿಟ್ಟರೆ ದಾರಿಯಲ್ಲಿ ಬೇಲಿ ಯಾಕೆ ಬೇಕು? ಜೈಪುರ, ಜೋಧಪುರಗಳಿಂದ ಸಾಂಭಾರ್ ಸರೋವರವನ್ನು ಗುತ್ತಿಗೆಗೆ ಪಡೆದರು. ಉಳಿದ ಸಂಸ್ಥಾನಗಳ ಉಪ್ಪಿನ ಮೇಲೂ ಒಪ್ಪಂದಗಳಾದವು. ಆದರೆ ಸಂಸ್ಥಾನಗಳ ಬಾಯಿ ಕಟ್ಟಿದರೆ ಸಾಲದು, ಬೊಂಬಾಯಿ ಮದ್ರಾಸುಗಳ ಅಗ್ಗದ ಉಪ್ಪು ಇದ್ದೇ ಇತ್ತು. ದರ ಎಲ್ಲ ಕಡೆ ಸಮೀಪಕ್ಕೆ ಬಾರದೆ ಗಡಿ ತೆಗೆಯುವಂತಿಲ್ಲ. ಉತ್ತರದಲ್ಲಿ ಪೂರ್ತಿ ಇಳಿಸಿದರೆ ಬೊಕ್ಕಸಕ್ಕೆ ನಷ್ಟ. ಲಿಟ್ಟನ್ ಮತ್ತು ಸ್ಟ್ರೇಚಿ ಕಂಡುಕೊಂಡ ದಾರಿ ಸರಳ: ಉತ್ತರದಲ್ಲಿ ಒಂದಿಷ್ಟು ಇಳಿಸುವುದು, ದಕ್ಷಿಣ, ಪಶ್ಚಿಮಗಳಲ್ಲಿ ಏರಿಸುವುದು. ಮದ್ರಾಸ್, ಬೊಂಬಾಯಿ ಪ್ರಾಂತಗಳಲ್ಲಿ ಮಣಕ್ಕೆ 1 ರೂಪಾಯಿ 13 ಆಣೆ ಇದ್ದ ಉಪ್ಪಿನ ಸುಂಕ 2 ರೂಪಾಯಿ 8 ಆಣೆಗೆ ಏರಿತು. ಒಂದೇ ಏಟಿಗೆ ಹನ್ನೊಂದು ಆಣೆ.

ಯಾವಾಗ? 1877-78ರಲ್ಲಿ. ಅದು ಧಾತು, ಈಶ್ವರ ಸಂವತ್ಸರಗಳ ಬರದ ಕಾಲ. ಧಾರವಾಡ, ಬೆಳಗಾವಿ, ಕಲಾದಗಿ, ಉತ್ತರ ಕನ್ನಡಗಳು ಬೊಂಬಾಯಿ ಪ್ರಾಂತದಲ್ಲಿ, ಬಳ್ಳಾರಿ, ದಕ್ಷಿಣ ಕನ್ನಡಗಳು ಮದ್ರಾಸಿನಲ್ಲಿ. ಮೈಸೂರು ಸೀಮೆ ಇನ್ನೂ ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿತ್ತು. ಅದಕ್ಕೆ ಕಡಲಿಲ್ಲ. ಕರಾವಳಿಯಿಂದ ಮೇಲೇರಿ ಬರುವ ಉಪ್ಪಿಗೆ ಸುಂಕ ಬಂದರು, ಆಗರಗಳಲ್ಲೇ ಬಿದ್ದಿರುತ್ತಿತ್ತು, ಕೊಳ್ಳುವವನು ಬೆಲೆಯಲ್ಲಿ ತೆರುತ್ತಿದ್ದ. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಬಳ್ಳಾರಿಯ ಬರಪರಿಹಾರದ ಕಾಮಗಾರಿಯಲ್ಲಿ ಕಲ್ಲು ಹೊತ್ತವನ ಗಂಜಿಗೆ ಹಾಕುವ ಹರಳು ಉಪ್ಪಿನ ಮೇಲೂ ಈ ಏರಿಕೆ ಬಿತ್ತು. ಉತ್ತರದ ಬೇಲಿ ಕೀಳುವ ಖರ್ಚಿನ ಒಂದು ಪಾಲನ್ನು ಕೊಟ್ಟವರು ಆ ಬೇಲಿಯ ಹೆಸರೂ ಕೇಳದ ದಕ್ಷಿಣದ ಹಸಿದ ಜನ. ಸ್ಟ್ರೇಚಿ ಇದನ್ನು ದೊಡ್ಡ ಸುಧಾರಣೆ ಎಂದು ಬಣ್ಣಿಸಿದ್ದಾನೆ. ವ್ಯಾಪಾರದ ದೃಷ್ಟಿಯಿಂದ ಇರಬಹುದು. ಬರದ ನಡುವೆ ಮಾಡಿದ ಈ ಸುಧಾರಣೆಯನ್ನು ಕ್ರೌರ್ಯವೆನ್ನದೆ ಬೇರೆ ಹೆಸರಿಟ್ಟು ಕರೆಯುವುದು ಕಷ್ಟ.

1879ರ ಏಪ್ರಿಲ್ 1ರಂದು ಆಂತರಿಕ ಸುಂಕದ ಗಡಿಯ ಬಹುಭಾಗ ರದ್ದಾಯಿತು. ಅದೇ ತರ್ಕ ನಮ್ಮ ಪಕ್ಕಕ್ಕೂ ಬಂತು. ಗೋವೆಯ ಉಪ್ಪು ಕಾರವಾರ, ಬೆಳಗಾವಿ, ಧಾರವಾಡಗಳಿಗೆ ಅಗ್ಗವಾಗಿ ಹರಿಯುತ್ತಿದ್ದುದನ್ನು ತಡೆಯಲು 1878ರಲ್ಲಿ ಪೋರ್ಚುಗೀಸರ ಜೊತೆ ಒಪ್ಪಂದವಾಯಿತು. ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಕೊಟ್ಟು ಗೋವೆಯ ಆಗರಗಳ ಮೇಲೆ ಬ್ರಿಟಿಷರು ಹಿಡಿತ ಸಾಧಿಸಿದರು. ಆ ಒಪ್ಪಂದ 1892ರವರೆಗೆ ನಡೆಯಿತು. ಬಳ್ಳಾರಿ ಕಡೆಯ ಚೌಳು ನೆಲದಲ್ಲಿ ಮಣ್ಣು ಕೆರೆದು, ನೀರಲ್ಲಿ ಕದಡಿ, ಬಿಸಿಲಿಗೆ ಒಣಗಿಸಿ ಬಡವರ ಉಪ್ಪು ತೆಗೆಯುತ್ತಿದ್ದ ಉಪ್ಪಾರರ ಕಸುಬನ್ನೂ ಮದ್ರಾಸ್ ಸರ್ಕಾರ ಮುಂದಿನ ವರ್ಷಗಳಲ್ಲಿ ಹತ್ತಿಕ್ಕಿತು. ಬೇಲಿ ಹೋಯಿತು ನಿಜ, ಆದರೆ ಉಪ್ಪು ಹುಟ್ಟುವ ಪ್ರತಿ ಜಾಗದಲ್ಲೂ ಒಬ್ಬೊಬ್ಬ ಸುಂಕದ ಅಧಿಕಾರಿ ಬಂದು ಕೂತ. 1882ರಲ್ಲಿ ಎಲ್ಲೆಡೆ 2 ರೂಪಾಯಿಗೆ ಇಳಿದ ದರ 1888ರಲ್ಲಿ ಮತ್ತೆ ಎರಡೂವರೆಗೆ ಏರಿತು. 1930ರ ಏಪ್ರಿಲ್‌ನಲ್ಲಿ ದಂಡಿಯ ಸತ್ಯಾಗ್ರಹವಾದ ಒಂದು ವಾರಕ್ಕೆ ಅಂಕೋಲೆಯ ಜನ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದಾಗ ಅವರ ಎದುರಿಗಿದ್ದದ್ದು ಈ ವ್ಯವಸ್ಥೆ. ಉಪ್ಪಿನ ಸುಂಕ ರದ್ದಾದದ್ದು 1947ರಲ್ಲಿ.

ಅಂಕೋಲೆಯ ಸತ್ಯಾಗ್ರಹದ ಬಗ್ಗೆ ಕನ್ನಡದಲ್ಲಿ ಬರಹಗಳಿವೆ. ಅದರ ಹಿಂದಿನ ಐವತ್ತು ವರ್ಷ ಸಾಣೀಕಟ್ಟೆಯ ಆಗರಗಳಲ್ಲಿ, ಘಟ್ಟ ಹತ್ತುತ್ತಿದ್ದ ಲಂಬಾಣಿ ಎತ್ತುಗಳ ಹೇರಿನಲ್ಲಿ, ಬಳ್ಳಾರಿಯ ಉಪ್ಪಾರರ ಕೇರಿಗಳಲ್ಲಿ ಏನಾಯಿತು ಎಂಬುದನ್ನು ಇಡಿಯಾಗಿ ಹೇಳುವ ಪುಸ್ತಕ ಬರಬೇಕು. ಉತ್ತರ ಕನ್ನಡದ ಕಡತಗಳಿಗೆ ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಪತ್ರಾಗಾರಕ್ಕೆ ಹೋಗಬೇಕು, ದಕ್ಷಿಣ ಕನ್ನಡ, ಬಳ್ಳಾರಿಗಳ ಕಡತಗಳಿಗೆ ಚೆನ್ನೈನ ಎಗ್ಮೋರ್‌ಗೆ. ಪುಸ್ತಕ ದುರಸ್ತಿ ಮಾಡುವ ಒಬ್ಬ ಇಂಗ್ಲಿಷಿನವರು ರಜೆ ಹಾಕಿಕೊಂಡು ಇಟಾವಾದವರೆಗೆ ಬಂದರು. ಎಗ್ಮೋರ್‌ಗೆ ಬೆಂಗಳೂರಿನಿಂದ ಒಂದು ರಾತ್ರಿಯ ರೈಲು ಸಾಕು, ಹೊರಡುವವರು ಮುಂದೆ ಬರಲಿ.